ಕರೆಂಟು ಬಂದ ಗಳಿಗೆ

ಮೊನ್ನೆ ತುಮಕೂರಿನಲ್ಲಿ ಮೊಮ್ಮಗಳಿಗೆ ಚಪ್ಪಲಿ ಕೊಡಿಸಿಕೊಂಡು ಬರುವಾಗ ಒಂದು ಮೋಟಾರ್ ರೀವೈಂಡಿಂಗ್ ಅಂಗಡಿ ದಾಟಿದೆವು. ಹೊರಗೆ ಒಂದು ದೊಡ್ಡ ಮೋಟಾರನ್ನು ಬಿಚ್ಚಿ ಹಾಕಿದ್ದರು. ಅದರ ಹೊಟ್ಟೆಯಿಂದ ಕಿತ್ತ ತಾಮ್ರದ ತಂತಿ ಕಪ್ಪಗೆ ಸುರುಳಿ ಸುತ್ತಿಕೊಂಡು ಫುಟ್‌ಪಾತಿನ ಮೇಲೆ ಬಿದ್ದಿತ್ತು. ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು. ನಾನು ನಿಂತುಬಿಟ್ಟೆ.

"ಯಾಕಜ್ಜಿ, ಏನಾಯ್ತು?" ಅಂದಳು ಮೊಮ್ಮಗಳು.

"ಏನಿಲ್ಲ ಬಾ" ಅಂದೆ. ಇಷ್ಟು ವರ್ಷ ಕಳೆದರೂ ಆ ವಾಸನೆಗೆ ನನಗೆ ಸಿಟ್ಟು ಬರುತ್ತದೆ, ಬೇರೇನೂ ಅಲ್ಲ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಕುಣಿಗಲ್ಲಿನ ಟೈಲರ್ ಒಬ್ಬರ ಮಗಳು. ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ, ಅಲ್ಲೇ ಊರಾಚೆ ಕೈಗಾರಿಕೆಗಳ ಬಡಾವಣೆಯ ಒಂದು ಶೀಟ್ ಹೊದೆಸಿದ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಗ್ಗೆ ಕುಣಿಗಲ್ಲಿನಲ್ಲಿ ಬಸ್ಸು ಹತ್ತಿದರೆ ಸಂಜೆ ವಾಪಸ್ಸು. ನಮ್ಮಮ್ಮನನ್ನು ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ "ಅದೇನೋ ರೇಡಿಯೋ ರಿಪೇರಿ ತರದ್ದು" ಅನ್ನುತ್ತಿದ್ದರು. ನಾನು ತಿದ್ದಲು ಹೋಗುತ್ತಿರಲಿಲ್ಲ.

ಶೆಡ್ಡಿನ ಯಜಮಾನರು ಶ್ರೀಪತಿ ಸಾರ್. ಬೆಂಗಳೂರಿನ ಭದ್ರವಾದ ಕೆಲಸ ಬಿಟ್ಟು ಹುಟ್ಟಿದ ಊರಿಗೆ ಬಂದು ಈ ಶೆಡ್ಡು ಹಾಕಿಕೊಂಡಿದ್ದವರು. ಊರಿನ ನೀರಿನ ಪಂಪುಗಳನ್ನು ಮನುಷ್ಯನ ಕಾವಲಿಲ್ಲದೆ ನಡೆಸುವ ಒಂದು ಯಂತ್ರ ಮಾಡಬೇಕೆನ್ನುವುದು ಅವರ ಕನಸು. ಅದಕ್ಕೆ ಮೈಕ್ರೋಪ್ರೊಸೆಸರ್ ಹಾಕಿ, ಅದರೊಳಗೆ ಓಡುವ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ಮನ್ನು ಅವರೇ ಒಂದೊಂದೇ ಸಾಲು ಕೈಯಲ್ಲಿ ಬರೆದಿದ್ದರು. ಅದರ ಮೂಲಭಾಗಕ್ಕೆ ಕರ್ನಲ್ ಅನ್ನುತ್ತಾರೆ. ಸಾರ್ ಮಾತ್ರ ಅದಕ್ಕೆ ತಿರುಳು ಅನ್ನುತ್ತಿದ್ದರು. "ಚಿಪ್ಪು ಯಾರ್ ಬೇಕಾದ್ರೂ ಕೊಂಡ್ಕೋಬಹುದು ಮಂಗಳಾ, ತಿರುಳು ನಮ್ದು" ಎಂದು ನಗುತ್ತಿದ್ದರು. ನನಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿದವರೂ ಅವರೇ. ಕಾಲೇಜಿನಲ್ಲಿ ಬರೀ ಹೆಸರು ಕೇಳಿದ್ದ ಸಂಗತಿಗಳನ್ನೆಲ್ಲ ಅವರು ಸೀಮೆಸುಣ್ಣ ಹಿಡಿದು ಶೆಡ್ಡಿನ ನೆಲದ ಮೇಲೆ ಬರೆದು ತೋರಿಸುತ್ತಿದ್ದರು. ಅವರ ಮೇಲೆ ನನಗೆ ಭಕ್ತಿಯೇ ಇತ್ತು.

ಯಂತ್ರದ ಮೊದಲ ಪೆಟ್ಟಿಗೆ ಹೋಗಿದ್ದು ಗುಬ್ಬಿಯಿಂದ ನಿಟ್ಟೂರಿನ ಕಡೆ ಹೋಗುವ ದಾರಿಯ ಒಂದು ಊರಿಗೆ. ಊರಿನ ಹೆಸರು ಬೇಡ. ತೆಂಗಿನ ತೋಟಗಳ ನಡುವೆ ಒಂದು ದೊಡ್ಡ ಬಾವಿ, ಪಕ್ಕದಲ್ಲಿ ಪಂಪ್‌ಹೌಸು, ದಿಬ್ಬದ ಮೇಲೆ ನೀರಿನ ಟ್ಯಾಂಕು. ಆ ಪಂಪ್‌ಹೌಸಿನ ಆಪರೇಟರ್ ಗಂಗಣ್ಣ. ಐವತ್ತರ ಹತ್ತಿರದ ಆಳು, ಸದಾ ಖಾಕಿ ಅಂಗಿ, ಹೆಗಲ ಮೇಲೊಂದು ಟವೆಲ್ಲು.

ಯಂತ್ರ ತಂದು ಗೋಡೆಗೆ ಬಿಗಿಯುವಾಗ ನನಗೊಂದು ಅಳುಕಿತ್ತು. ಇದು ಬಂದರೆ ತನ್ನ ಕೆಲಸ ಹೋಗುತ್ತದೆ ಎಂದು ಈ ಮನುಷ್ಯ ಮುನಿಸಿಕೊಂಡಾನು ಅಂತ. ಆದರೆ ಗಂಗಣ್ಣ ಸ್ಕ್ರೂ ಎತ್ತಿಕೊಡುತ್ತಾ, ಮದುವೆ ಮನೆಯಲ್ಲಿ ಓಡಾಡುವವರ ಹಾಗೆ ಓಡಾಡುತ್ತಿದ್ದರು.

"ನಂಗೆ ಬೇರೆ ಕಡೆ ವಾಲ್ವ್ ತಿರ್ಗಿಸೋ ಕೆಲ್ಸ ಕೊಡ್ತೀವಿ ಅಂದವ್ರೆ ಮೇಡಮ್ನೋರೆ. ಅದು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಇದು ಹಂಗಲ್ಲ ನೋಡಿ. ಈ ಕರೆಂಟು ಯಾವಾಗ್ ಬತ್ತದೆ ಅಂತ ಆ ದ್ಯಾವ್ರಿಗೂ ಗೊತ್ತಿಲ್ಲ. ಬಂದಾಗ ನಾನಿಲ್ಲಿ ಇರ್ಲೇಬೇಕು. ನನ್ ತಂಗಿ ಮದ್ವೇಲಿ ಧಾರೆ ಹೊತ್ಗೆ ಹೋಗಿ ಅಕ್ಷತೆ ಹಾಕಿ, ಊಟಾನೂ ಮಾಡ್ದೆ ಓಡ್ಬಂದೆ. ನಾನು ಇಲ್ಲಿ ಕಟ್ಟಾಕಿದ್ ಎತ್ತು ಕಣಮ್ಮ."

ಗಂಗಣ್ಣ ಅಷ್ಟು ಕಾವಲಿರಬೇಕಾಗಿದ್ದಕ್ಕೆ ಕಾರಣವಿತ್ತು. ಪಂಪಿನ ಮೋಟಾರಿಗೆ ಮೂರು ಫೇಸು ಕರೆಂಟು ಬೇಕು. ನಮ್ಮ ಕಡೆ ಹೋದ ಕರೆಂಟು ವಾಪಸ್ಸು ಬರುವಾಗ ಮೂರೂ ಒಟ್ಟಿಗೆ ಬರುತ್ತಿರಲಿಲ್ಲ. ಒಂದು ಬಂದು, ಇನ್ನೊಂದು ಮಿಣುಕಿ ಹೋಗಿ, ಮತ್ತೆ ಬಂದು, ಮೂರನೆಯದು ಕೆಲವೊಮ್ಮೆ ಬಾರದೆಯೇ ಇರುತ್ತಿತ್ತು. ಎರಡೇ ಫೇಸಿನಲ್ಲಿ ಮೋಟಾರು ಆನ್ ಮಾಡಿದರೆ ಅದು ತಿರುಗದೆ ಗುಂಯ್‌ಗುಟ್ಟಿ ಸುಟ್ಟುಹೋಗುತ್ತದೆ. ಹಾಗೆ ಆಗದಂತೆ ತಡೆಯಬೇಕಿದ್ದ ಸ್ಟಾರ್ಟರಿನೊಳಗಿನ ರಿಲೇ ಯಾವ ಕಾಲದಲ್ಲೋ ಕೆಟ್ಟಿತ್ತು. ಇನ್ನು ಅದರ ಕೆಲಸವನ್ನೂ ನಮ್ಮ ಪೆಟ್ಟಿಗೆಯೇ ಮಾಡಬೇಕು. ಮೂರೂ ಫೇಸು ಗಟ್ಟಿಯಾಗಿ ನಿಂತ ಮೇಲೆ ಮೋಟಾರು ಆನ್, ಒಂದು ಹೋದರೂ ಆಫ್.

ಆರಂಭದ ದಿನ ಊರಿನ ಹಿರಿಯರು, ನೀರಿನ ಯೋಜನೆ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಸಾಹೇಬರು ಎಲ್ಲ ಬಂದಿದ್ದರು. ಶ್ರೀಪತಿ ಸಾರ್ ಮೇನ್ ಸ್ವಿಚ್ ಹಾಕಿದರು. ಹಾಕಿದ ತಕ್ಷಣ ಪೆಟ್ಟಿಗೆಯ ಮುಖದ ಮೇಲೆ ಕೆಂಪು ಅಂಕಿಗಳು ಬಲದಿಂದ ಎಡಕ್ಕೆ ಓಡತೊಡಗಿದವು. ಜನ "ಓ" ಅಂದರು. ಆಮೇಲೆ ಒಂದು ಸದ್ದು, ಮೋಟಾರು ತಿರುಗಿತು, ದಿಬ್ಬದ ಮೇಲೆ ನೀರು ಬಿದ್ದ ಶಬ್ದ.

"ಗಂಗಣ್ಣ, ಇನ್ಮೇಲೆ ಈ ಸ್ವಿಚ್ಚು ಆಟೋಗೆ ಹಾಕಿ, ಬಾಗಿಲು ಎಳ್ಕೊಂಡು ಮನೆಗೆ ಹೋಗಿ. ಇದೇ ನೋಡ್ಕೊಳುತ್ತೆ" ಅಂದರು ಸಾರ್, ಎಲ್ಲರ ಮುಂದೆ.

ಗಂಗಣ್ಣ ಪೆಟ್ಟಿಗೆಗೆ ಕೈ ಮುಗಿದರು.

ಒಂದು ವಾರವೂ ಕಳೆದಿರಲಿಲ್ಲ, ಗುಬ್ಬಿಯಿಂದ ಫೋನು ಬಂತು. ಕರೆಂಟು ಬಂದರೂ ಪೆಟ್ಟಿಗೆ ಸತ್ತಂತೆ ನಿಂತಿದೆ, ಅಂಕಿ ಕದಲುತ್ತಿಲ್ಲ. ನಾನು ಬಸ್ಸು ಹತ್ತಿ ಹೋದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಚೆನ್ನಾಗಿ ಓಡಿತು. ಮತ್ತೆ ಆಫ್, ಮತ್ತೆ ಆನ್. ಪ್ರತಿ ಸಲವೂ ಓಡಿತು. ಸಂಜೆ ವಾಪಸ್ಸು ಬಂದೆ. ಎರಡು ದಿನ ಬಿಟ್ಟು ಮತ್ತೆ ಫೋನು.

ಆ ಮಾರ್ಚ್, ಏಪ್ರಿಲ್ ತಿಂಗಳುಗಳು ನನಗೆ ಕುಣಿಗಲ್, ತುಮಕೂರು, ಗುಬ್ಬಿ ಎಂದು ಬಸ್ಸಿನಲ್ಲೇ ಕಳೆದವು. ಬಿಸಿಲಿಗೆ ಸೀಟಿನ ರೆಕ್ಸಿನ್ ಕಾದು ಸೀರೆಗೆ ಅಂಟಿಕೊಳ್ಳುತ್ತಿತ್ತು. ಗುಬ್ಬಿಯಲ್ಲಿ ಸಂತೆಯ ದಿನವಾದರೆ ತೆಂಗಿನಕಾಯಿ ಮೂಟೆಗಳ ನಡುವೆ ನಿಂತೇ ಹೋಗಬೇಕು. ಹೋಗಿ ನೋಡಿದರೆ ಪೆಟ್ಟಿಗೆ ನನ್ನ ಕೈಗೆ ಸಿಕ್ಕಿದ ಕೂಡಲೇ ಒಳ್ಳೆಯ ಮಗುವಿನ ಹಾಗೆ ನಡೆದುಕೊಳ್ಳುತ್ತಿತ್ತು. ನಾನು ಬೆನ್ನು ತಿರುಗಿಸಿದರೆ ಹಟ.

"ನಿಮ್ಮನ್ ಕಂಡ್ರೆ ಹೆದ್ರುತ್ತೆ ಮೇಡಮ್ನೋರೆ" ಎಂದು ಗಂಗಣ್ಣ ಮೊದಮೊದಲು ನಗುತ್ತಿದ್ದರು. ಆಮೇಲೆ ನಗುವುದನ್ನು ಬಿಟ್ಟರು. ವಾಲ್ವಿನ ಕೆಲಸಕ್ಕೆ ಹೋಗುವ ಅವರ ಆರ್ಡರು ಪೆಟ್ಟಿಗೆ ನೆಟ್ಟಗಾಗುವವರೆಗೂ ನಿಂತುಹೋಗಿತ್ತು.

ಶ್ರೀಪತಿ ಸಾರ್ ಪ್ರಕಾರ ತಪ್ಪು ಅರ್ಥಿಂಗಿನದು. ಉಪ್ಪು, ಇದ್ದಿಲು ಹಾಕಿಸಿ ಹೊಸ ಅರ್ಥಿಂಗ್ ಮಾಡಿಸಿದೆವು. ಆಮೇಲೆ ತಪ್ಪು ವೋಲ್ಟೇಜಿನದು. ಅದಕ್ಕೂ ಒಂದು ಫಿಲ್ಟರ್ ಹಾಕಿದೆವು. ಆಮೇಲೆ ತಪ್ಪು ಹಲ್ಲಿಯದು, ಸರ್ಕ್ಯೂಟಿನ ಮೇಲೆ ಓಡಾಡುತ್ತಿರಬೇಕು ಅಂದರು. ಪೆಟ್ಟಿಗೆಯ ಸಂದಿಗೆಲ್ಲ ಮೇಣ ಮೆತ್ತಿದೆ. ಪೆಟ್ಟಿಗೆ ನಿಲ್ಲುವುದು ಮಾತ್ರ ನಿಲ್ಲಲಿಲ್ಲ.

ಕೊನೆಗೆ ನಾನು ಪಂಪ್‌ಹೌಸಿನಲ್ಲಿದ್ದಂಥವೇ ಫೇಸು ಬಂತೋ ಹೋಯಿತೋ ತಿಳಿಸುವ ರಿಲೇಗಳನ್ನು ತಂದು ಶೆಡ್ಡಿನ ಮೇಜಿನ ಮೇಲೆ ಇನ್ನೊಂದು ಪೆಟ್ಟಿಗೆಗೆ ಜೋಡಿಸಿದೆ. ಆಫ್, ಆನ್, ಆಫ್, ಆನ್. ಬೆರಳು ನೋಯುವವರೆಗೂ ಮಾಡಿದೆ. ಒಂದು ಸಲವೂ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ತುಮಕೂರಿನಲ್ಲೇ ಕರೆಂಟು ಹೋಯಿತು. ಸೆಕೆಗೆ ಎಲ್ಲರೂ ಹೊರಗೆ ಹೊಂಗೆ ಮರದ ಕೆಳಗೆ ಕೂತರು. ತುಂಬ ಹೊತ್ತಿನ ಮೇಲೆ ಫ್ಯಾನು ತಿರುಗಿದ ಸದ್ದಾಗಿ ಒಳಗೆ ಬಂದೆ. ಮೇಜಿನ ಮೇಲಿನ ಪೆಟ್ಟಿಗೆಯ ಅಂಕಿಗಳು ಅರ್ಧ ದಾರಿಯಲ್ಲಿ ನಿಂತಿದ್ದವು!

ನನಗೆ ಕುಣಿಯುವಂತಾಯಿತು. ಕೂಡಲೇ ಆಫ್ ಮಾಡಿ ಆನ್ ಮಾಡಿದೆ. ಓಡಿತು. ಆಫ್ ಮಾಡಿ, ಹೊರಗೆ ಹೋಗಿ ಟೀ ಕುಡಿದು ಬಂದು ಆನ್ ಮಾಡಿದೆ. ನಿಂತಿತು. ಸ್ವಲ್ಪ ಹೊತ್ತು ಆಫ್ ಇದ್ದರೆ ಸರಿ, ಬಹಳ ಹೊತ್ತು ಆಫ್ ಇದ್ದರೆ ತೊಂದರೆ. ಎರಡು ತಿಂಗಳಿಂದ ನಾನು ಅದನ್ನು ಪರೀಕ್ಷೆ ಮಾಡಿದ್ದ ರೀತಿಯೇ ಅದರ ರೋಗವನ್ನು ಮುಚ್ಚಿಡುತ್ತಿತ್ತು.

ಸಾರ್ ಬರೆದಿದ್ದ ಆರಂಭದ ಸಾಲುಗಳನ್ನು ತೆಗೆದುಕೊಂಡು ಕೂತೆ. ಆಗ ಎಲ್ಲ ಬಿಡಿಸಿಕೊಂಡಿತು.

ಪ್ರೊಸೆಸರ್ ತನ್ನ ಪಾಡಿಗೆ ಕೆಲಸ ಮಾಡುತ್ತಿರುವಾಗ ಹೊರಗಿನ ತಂತಿಯಿಂದ ಒಂದು ಕರೆ ಬರುತ್ತದೆ. ಫೇಸು ಬಂತು, ಫೇಸು ಹೋಯಿತು, ಟ್ಯಾಂಕು ತುಂಬಿತು, ಹೀಗೆ. ಅದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಕರೆ ಬಂದ ಕೂಡಲೇ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು, ಈ ಕರೆ ಬಂದರೆ ಎಲ್ಲಿಗೆ ಹೋಗಬೇಕು ಎಂದು ಮೆಮೊರಿಯ ಒಂದು ಜಾಗದಲ್ಲಿ ನೋಡಿಕೊಂಡು ಅಲ್ಲಿಗೆ ಹಾರುತ್ತದೆ. ಆ ವಿಳಾಸಗಳನ್ನು ತಿರುಳೇ ಎದ್ದ ಮೇಲೆ ಬರೆದಿಡಬೇಕು. ಬರೆದಿಡುವವರೆಗೂ ಯಾವ ಕರೆಗೂ ಓಗೊಡಬೇಡ ಎಂದು ಪ್ರೊಸೆಸರಿಗೆ ಹೇಳಿರಬೇಕು. ಸಾರ್ ಇದನ್ನು ತಿರುವುಮುರುವು ಮಾಡಿದ್ದರು. ಕರೆಂಟು ಬಂದ ಕೂಡಲೇ ಆ ಕೆಂಪು ಅಂಕಿಗಳು ಓಡಬೇಕು, ನೋಡಿದವರು "ಓ" ಅನ್ನಬೇಕು. ಅಂಕಿ ಓಡಿಸುವುದಕ್ಕೂ ಇಂಟರಪ್ಟೇ ಬೇಕು. ಹಾಗಾಗಿ ಮೊದಲ ಸಾಲುಗಳಲ್ಲೇ ಅಂಕಿಯ ವಿಳಾಸವೊಂದನ್ನು ಬರೆದು, ಎಲ್ಲ ಕರೆಗಳಿಗೂ ಬಾಗಿಲು ತೆರೆದುಬಿಟ್ಟಿದ್ದರು. ಉಳಿದ ವಿಳಾಸ ಬರೆಯುವುದು ಅಂಕಿಗಳ ಮೆರವಣಿಗೆ ಮುಗಿದ ಮೇಲೆ.

ಆ ಮೆರವಣಿಗೆಯ ಹೊತ್ತಿಗೇ, ಹಳ್ಳಿಯಲ್ಲಿ, ಫೇಸುಗಳು ಮಿಣುಕುತ್ತಾ ಬರುವುದು. ಕರೆಯ ಮೇಲೆ ಕರೆ. ಕರೆಂಟು ಹೋಗಿ ಬಹಳ ಹೊತ್ತಾಗಿಲ್ಲದಿದ್ದರೆ ಮೆಮೊರಿಯಲ್ಲಿ ಹಿಂದಿನ ವಿಳಾಸಗಳು ಇನ್ನೂ ಅಳಿಸದೆ ಉಳಿದಿರುತ್ತಿದ್ದವು, ಪುಣ್ಯಕ್ಕೆ ಬಚಾವ್. ಬಹಳ ಹೊತ್ತಾಗಿದ್ದರೆ ಅಲ್ಲಿ ಬರೀ ಕಸ. ಪ್ರೊಸೆಸರ್ ಆ ಕಸವನ್ನೇ ವಿಳಾಸವೆಂದು ನಂಬಿ ಎಲ್ಲಿಗೋ ಹಾರಿ ಕಳೆದುಹೋಗುತ್ತಿತ್ತು. ಹಾಗೆ ಕಳೆದುಹೋದದ್ದು ಏನು ಬೇಕಾದರೂ ಮಾಡಬಹುದು. ಸುಮ್ಮನೆ ನಿಲ್ಲಬಹುದು. ಮೋಟಾರನ್ನು ಆನ್ ಮಾಡಿಯೂ ಬಿಡಬಹುದು. ಇದು ಹೊಳೆದಾಗ ನನ್ನ ಕುಣಿತ ನಿಂತಿತು.

ಸಾರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಪರಿಹಾರವೂ ದೊಡ್ಡದಲ್ಲ. ಮೊದಲು ಎಲ್ಲ ಕರೆಗಳಿಗೂ ಬಾಗಿಲು ಮುಚ್ಚಿರಬೇಕು. ವಿಳಾಸದ ಜಾಗಗಳಿಗೆಲ್ಲ "ಏನೂ ಮಾಡದೆ ವಾಪಸ್ಸು ಹೋಗು" ಅನ್ನುವ ಒಂದು ಸಾಧು ವಿಳಾಸ ತುಂಬಬೇಕು. ಆಮೇಲೆ ನಿಜವಾದವನ್ನು ಬರೆದು, ಅಷ್ಟರೊಳಗೆ ಬಂದು ಕಾಯುತ್ತಿದ್ದ ಹಳೆಯ ಕರೆಗಳನ್ನು ಅಳಿಸಿ, ಬಾಗಿಲು ತೆರೆದು, ಮೂರು ಫೇಸನ್ನೂ ಖುದ್ದಾಗಿ ಒಮ್ಮೆ ನೋಡಿಕೊಳ್ಳಬೇಕು. ಕೊನೆಗೆ ಅಂಕಿಗಳ ಓಟ.

ಸಾರ್ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ಈ ತಿರುಳು ಎರಡು ವರ್ಷದಿಂದ ಓಡ್ತಾ ಇದೆ ಮಂಗಳಾ. ಈ ಮೇಜಿನ ಮೇಲೆ ಎಷ್ಟು ಸಾವಿರ ಸಲ ಆನ್ ಮಾಡಿದೀನಿ ಗೊತ್ತಾ?"

"ಬೇಗ ಬೇಗ ಮಾಡಿದ್ರಿ ಸಾರ್. ಅದೇ ತೊಂದರೆ. ಈಗ ಒಂದ್ಸಲ ಕಾದು ನೋಡಿ ಸಾರ್, ನಾನ್ ತೋರಿಸ್ತೀನಿ."

"ನೀನು ಬಂದು ಎಷ್ಟು ದಿನ ಆಯ್ತು?" ಎಂದರು. ಮೆತ್ತಗೇ ಹೇಳಿದರು, ಆದರೆ ನನ್ನ ಕಿವಿ ಬಿಸಿಯಾಯಿತು. "ಮುಂದಿನ ವಾರ ಹತ್ತು ಊರಿಗೆ ಪೆಟ್ಟಿಗೆ ಬೇಕು ಅಂತ ಸಾಹೇಬರು ನೋಡೋಕೆ ಬರ್ತಾ ಇದಾರೆ. ಈಗ ಆರಂಭದ ಸಾಲಿಗೆ ಕೈ ಹಾಕಿದ್ರೆ ಇನ್ನೊಂದು ಕಡೆ ಕೆಡುತ್ತೆ. ಅದು ಮುಗೀಲಿ, ಆಮೇಲೆ ನೋಡೋಣ."

"ಅಷ್ಟರಲ್ಲಿ ಮೋಟಾರ್ ಸುಟ್ರೆ ಸಾರ್?"

"ಸುಡಲ್ಲ. ಹೋಗು, ಕೆಲಸ ನೋಡು."

ಆದರೂ ನಾನು ತಿದ್ದಿದ ಪ್ರೋಗ್ರಾಮನ್ನು ಇನ್ನೊಂದು ಚಿಪ್ಪಿಗೆ ತುಂಬಿದೆ. ಆ ಕಾಲದ ಚಿಪ್ಪಿನ ನೆತ್ತಿಯ ಮೇಲೆ ಒಂದು ಗಾಜಿನ ಕಿಟಕಿ. ಅತಿನೇರಳೆ ಬೆಳಕಿನ ಡಬ್ಬಿಯಲ್ಲಿಟ್ಟರೆ ಹಳೆಯದು ಅಳಿಸಿಹೋಗುತ್ತದೆ, ಆಮೇಲೆ ಹೊಸದನ್ನು ತುಂಬಿ ಕಿಟಕಿಗೆ ಕಪ್ಪು ಟೇಪು ಅಂಟಿಸಬೇಕು. ಅದನ್ನು ಮೇಜಿನ ಮೇಲೆ ಹಾಕಿ ಎಷ್ಟು ಹೊತ್ತು ಆಫ್ ಮಾಡಿ ಎಬ್ಬಿಸಿದರೂ ಅಲ್ಲಾಡಲಿಲ್ಲ. ಸಾರಿಗೆ ತೋರಿಸಿದೆ. ಅವರು ಕತ್ತೆತ್ತಲಿಲ್ಲ. ಅವರ ಅಪ್ಪಣೆಯಿಲ್ಲದೆ ಗುಬ್ಬಿಯ ಪೆಟ್ಟಿಗೆಗೆ ಚಿಪ್ಪು ಹಾಕುವ ಹಾಗಿರಲಿಲ್ಲ. ಅದರ ಬೀಗದ ಕೈ ಅವರ ಹತ್ತಿರವೇ ಇತ್ತು.

ನಾನು ಮಾಡಬಹುದಾಗಿದ್ದ ಇನ್ನೊಂದು ಕೆಲಸ ಮಾಡಿದೆ. ಗುಬ್ಬಿ ಬಸ್ಸು ಹತ್ತಿ ಗಂಗಣ್ಣನ ಹತ್ತಿರ ಹೋದೆ.

"ಗಂಗಣ್ಣ, ನಾನು ಹೇಳೋವರ್ಗೂ ಇದನ್ನ ಆಟೋಗೆ ಹಾಕಿ ಎಲ್ಲೂ ಹೋಗ್ಬೇಡಿ. ಕರೆಂಟು ಹೋದಾಗ ಮೇನ್ ಸ್ವಿಚ್ ತೆಗೆದುಬಿಡಿ. ಕರೆಂಟು ಬಂದ್ಮೇಲೆ ನೀವೇ ನಿಂತು ಹಾಕಿ."

ಅವರ ಮುಖ ಇಳಿದುಹೋಯಿತು. "ಅಂದ್ರೆ ಮೊದ್ಲಿನ್ ಹಂಗೇ ಅನ್ನಿ. ನನ್ ಮಗಳು ತುಂಬಿದ್ ಬಸುರಿ, ಹೆರಿಗೆಗೆ ಬಂದವ್ಳೆ. ಒಂದಿನ ಆದ್ರೂ ಆಸ್ಪತ್ರೆ ತಾವ ಇರ್ಬೋದು ಅನ್ಕಂಡಿದ್ದೆ."

"ಇನ್ನೊಂದ್ ವಾರ ಅಷ್ಟೇ ಗಂಗಣ್ಣ."

"ಆಯ್ತು ಬುಡಿ ಮೇಡಮ್ನೋರೆ" ಅಂದರು.

ಭರಣಿ ಮಳೆ ಆ ವಾರವೇ ಶುರುವಾಯಿತು. ಒಂದು ಬೆಳಗ್ಗೆ ಗಾಳಿಗೆ ಎಲ್ಲೋ ತೆಂಗಿನ ಮರ ತಂತಿಯ ಮೇಲೆ ಬಿದ್ದು ಗುಬ್ಬಿ ಕಡೆ ಕರೆಂಟು ಹೋಯಿತು. ಮಧ್ಯಾಹ್ನ ಗಂಗಣ್ಣನ ಭಾವಮೈದ ಸೈಕಲ್ಲಿನಲ್ಲಿ ಬಂದು, ಮಗಳಿಗೆ ನೋವು ಬಂದಿದೆ, ಎತ್ತಿನ ಗಾಡಿಯಲ್ಲಿ ಗುಬ್ಬಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಬಹಳ ಕಷ್ಟ ಆಗಿದೆಯಂತೆ ಎಂದು ಹೇಳಿದ. ಟ್ಯಾಂಕಿನಲ್ಲಿ ನೀರಿಲ್ಲ. ಊರಿಗೆ ಸಂಜೆ ನೀರು ಬಿಡಲೇಬೇಕು. ಗಂಗಣ್ಣ ಪೆಟ್ಟಿಗೆಯನ್ನು ಆಟೋಗೆ ಹಾಕಿ, ಬಾಗಿಲು ಎಳೆದುಕೊಂಡು, ಸೈಕಲ್ಲಿನ ಹಿಂದೆ ಕೂತು ಹೋದರು. ನಾನಾಗಿದ್ದರೂ ಹೋಗುತ್ತಿದ್ದೆ.

ಸಂಜೆಗೆ ಕರೆಂಟು ಬಂತು. ಎರಡೇ ಫೇಸು.

ಮಾರನೆಯ ದಿನ ನಾನು ಹೋದಾಗ ಪಂಪ್‌ಹೌಸಿನೊಳಗೆ ಕಾಲಿಡಲಾಗದಷ್ಟು ಸುಟ್ಟ ವಾರ್ನಿಷ್ ವಾಸನೆ. ಗೋಡೆ ಮಸಿಯಾಗಿತ್ತು. ಪೆಟ್ಟಿಗೆಯ ಮೇಲೆ ಕೆಂಪು ಅಂಕಿಗಳು ಅರ್ಧ ದಾರಿಯಲ್ಲಿ ನಿಂತು ಉರಿಯುತ್ತಲೇ ಇದ್ದವು. ಬಾಗಿಲ ಮುಂದೆ ಬಿಂದಿಗೆ ಹಿಡಿದ ಹೆಂಗಸರು.

"ಏನವ್ವ, ನೀನೇನಾ ಈ ಪೆಟ್ಗೆ ಮಾಡ್ದೋಳು?" ಎಂದು ಒಬ್ಬ ಅಜ್ಜಿ ಕೇಳಿದರು. "ಗಂಗಣ್ಣ ಇದ್ದಾಗ ಒಂದಿನಾನೂ ಮೋಟ್ರು ಸುಟ್ಟಿರ್ಲಿಲ್ಲ ಕಣವ್ವ. ಈಗ ಯಾರ್ ತೋಟುದ್ ಬಾವಿಗ್ ಹೋಗನ ಹೇಳು?"

ಏನು ಹೇಳುವುದು? ಗೊತ್ತಿತ್ತು, ಹೇಳಿದ್ದೆ, ಚಿಪ್ಪೂ ಮಾಡಿಟ್ಟಿದ್ದೆ. ಅದೇ ಚಿಪ್ಪು ನನ್ನ ಬ್ಯಾಗಿನಲ್ಲಿ ಸಿಗರೇಟಿನ ಬೆಳ್ಳಿ ಹಾಳೆ ಸುತ್ತಿಕೊಂಡು ಕೂತಿತ್ತು. ಆ ಅಜ್ಜಿಗೆ ಇದರಿಂದ ಒಂದು ಬಿಂದಿಗೆ ನೀರು ಬರುತ್ತಿತ್ತೇ?

ಗಂಗಣ್ಣನ ಮಗಳು ಗಂಡು ಮಗು ಹೆತ್ತು ಬದುಕಿಕೊಂಡಿದ್ದಳು. ಆದರೆ ಗಂಗಣ್ಣನನ್ನು ಕೆಲಸದಿಂದ ಅಮಾನತು ಮಾಡಿದರು, ಪಂಪ್‌ಹೌಸು ಬಿಟ್ಟು ಹೋಗಿದ್ದಕ್ಕೆ. ಶ್ರೀಪತಿ ಸಾರ್ ಸಾಹೇಬರಿಗೆ ಹೇಳಿದ್ದೂ ಅದನ್ನೇ. ಯಂತ್ರ ಇನ್ನೂ ಪರೀಕ್ಷೆಯಲ್ಲಿತ್ತು, ಆಪರೇಟರು ಹತ್ತಿರವೇ ಇರಬೇಕಿತ್ತು, ಬಿಟ್ಟು ಹೋದ.

ವಿಚಾರಣೆ ಪಂಪ್‌ಹೌಸಿನ ಮುಂದೆಯೇ ನಡೆಯಿತು. ಬೇವಿನ ಮರದ ಕೆಳಗೆ ಒಂದು ಮೇಜು, ಸಾಹೇಬರಿಗೆ ಕುರ್ಚಿ. ಶ್ರೀಪತಿ ಸಾರ್ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಗಂಗಣ್ಣ ಖಾಕಿ ಹಾಕಿರಲಿಲ್ಲ. ಪಂಚೆ ಉಟ್ಟು, ಟವೆಲ್ಲು ಕಂಕುಳಲ್ಲಿಟ್ಟುಕೊಂಡು ದೂರದಲ್ಲಿ ನಿಂತಿದ್ದರು.

ಸಾಹೇಬರು ನನ್ನನ್ನು ಕರೆದರು. "ನೀವು ಹಿಂದಿನ ವಾರ ಇಲ್ಲಿಗೆ ಬಂದಿದ್ರಾ? ಆಟೋಗೆ ಹಾಕಿ ಹೋಗ್ಬೇಡಿ ಅಂತ ಈತನಿಗೆ ಹೇಳಿದ್ರಾ?"

ಗಂಗಣ್ಣನ ಒಳ್ಳೆಯದಕ್ಕೆಂದು ಆಡಿದ ಮಾತೇ ಈಗ ಅವರ ಕುತ್ತಿಗೆಗೆ ಬಂದಿತ್ತು. ಗಂಗಣ್ಣ ನೆಲ ನೋಡುತ್ತಿದ್ದರು. ನಾನು ಹಾಗೆ ಹೇಳಿದ್ದನ್ನು ಅವರೇ ಒಪ್ಪಿಕೊಂಡಿದ್ದರಂತೆ.

"ಹೇಳಿದ್ದೆ ಸಾರ್" ಅಂದೆ. "ಯಾಕೆ ಹೇಳಿದೆ ಅಂತಾನೂ ಕೇಳಿ ಸಾರ್."

"ಯಾಕೆ?"

"ಯಂತ್ರದಲ್ಲಿ ತಪ್ಪಿದೆ ಅಂತ ನಂಗೆ ಗೊತ್ತಿತ್ತು. ಕರೆಂಟು ಬಹಳ ಹೊತ್ತು ಹೋಗಿ ಬಂದ್ರೆ ಅದು ದಿಕ್ಕು ತಪ್ಪುತ್ತೆ. ಮನೆಗೆ ಹೋಗಿ ಅಂತ ಗಂಗಣ್ಣನಿಗೆ ಎಲ್ಲರ ಮುಂದೆ ಹೇಳಿದ್ದೂ ನಾವೇ. ನೀವೂ ಇದ್ರಿ ಸಾರ್ ಅವತ್ತು."

ಶ್ರೀಪತಿ ಸಾರ್ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಅವರು ಬೈಯಲಿಲ್ಲ. "ಇದು ಹುಡುಗಿಯ ಊಹೆ ಸಾರ್. ಅರ್ಥಿಂಗ್ ಸರಿ ಇಲ್ಲ" ಎಂದರು ಸಾಹೇಬರಿಗೆ.

"ತೋರಿಸ್ತೀನಿ ಸಾರ್" ಅಂದೆ.

ಸುಟ್ಟ ಮೋಟಾರು ರೀವೈಂಡಿಂಗಿಗೆ ತುಮಕೂರಿಗೆ ಹೋಗಿತ್ತು. ಅದರ ಜಾಗಕ್ಕೆ ಒಂದು ಬಲ್ಬು ಕಟ್ಟಿದೆ. ಮೂರನೆಯ ಫೇಸಿನ ಫ್ಯೂಸು ಕಿತ್ತಿಟ್ಟೆ. ಎರಡೇ ಫೇಸಿದ್ದಾಗ ಪೆಟ್ಟಿಗೆ ಬಲ್ಬು ಹತ್ತಿಸಬಾರದು. ಹತ್ತಿಸಿದರೆ ಮೋಟಾರು ಸುಟ್ಟಂತೆ. ಮೇನ್ ಆಫ್ ಮಾಡಿದೆ.

"ಸ್ವಲ್ಪ ಕಾಯ್ಬೇಕು ಸಾರ್."

"ಎಷ್ಟು ಕಾಯೋದಮ್ಮ? ಹಾಕಿ, ಹಾಕಿ."

ಅವರು ಉಸಿರು ಬಿಡಲೂ ಬಿಡಲಿಲ್ಲ. ಹಾಕಿದೆ. ಅಂಕಿಗಳು ಸೊಗಸಾಗಿ ಓಡಿದವು. ಬಲ್ಬು ಹತ್ತಲಿಲ್ಲ. ಶ್ರೀಪತಿ ಸಾರ್ ಕೈ ಕಟ್ಟಿಕೊಂಡು ಆಕಾಶ ನೋಡಿದರು. "ಸಾರ್, ಒಂದು ಎಳನೀರು ಕುಡೀರಿ ಸಾರ್, ಅಷ್ಟು ಹೊತ್ತು ಸಾಕು" ಎಂದು ಬೇಡಿಕೊಂಡೆ. ಯಾರೋ ತೋಟದಿಂದ ಎಳನೀರು ಕೆತ್ತಿ ತಂದರು. ಸಾಹೇಬರು ನಿಧಾನವಾಗಿ ಕುಡಿದು, ಗಂಜಿ ಕೆರೆದು ತಿಂದು, ಕೈ ಒರೆಸಿಕೊಂಡರು. ಮೇನ್ ಹಾಕಿದೆ. ಅಂಕಿಗಳು ಅರ್ಧಕ್ಕೆ ನಿಂತವು.

"ನಿಂತಿದೆ, ಸರಿ. ಬಲ್ಬು ಹತ್ತಲಿಲ್ವಲ್ಲ?"

"ಎಲ್ಲಿಗೆ ಹಾರುತ್ತೆ ಅಂತ ಹೇಳೋಕಾಗಲ್ಲ ಸಾರ್. ಇನ್ನೊಂದ್ಸಲ."

"ಇನ್ನೆಷ್ಟು ಸಲಮ್ಮ?" ಎಂದು ಅವರು ರೇಗಿದರು. ಆದರೂ ಕೂತರು. ಗಾಳಿಗೆ ತೆಂಗಿನ ಗರಿ ಸರಗುಟ್ಟುತ್ತಿತ್ತು. ಮೂರನೆಯ ಸಲ ಮೇನ್ ಹಾಕಿದಾಗ ಅಂಕಿಗಳು ನಿಂತವು, ಒಳಗೆ ಟಕ್ಕೆಂದಿತು, ಬಲ್ಬು ಹತ್ತಿಕೊಂಡಿತು. ಹತ್ತಿಕೊಂಡೇ ಇತ್ತು.

ಶ್ರೀಪತಿ ಸಾರ್ ಮುಂದೆ ಬಂದು ಬಲ್ಬನ್ನೇ ನೋಡುತ್ತಾ ನಿಂತರು. ಆಮೇಲೆ ಜೇಬಿನಿಂದ ಪೆಟ್ಟಿಗೆಯ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಹಳೆಯ ಚಿಪ್ಪು ಕಿತ್ತು ನನ್ನದನ್ನು ಕೂರಿಸಿದೆ. ಕಾದು ಹಾಕಿದೆ, ಕಾಯದೆ ಹಾಕಿದೆ, ಸ್ವಿಚ್ಚನ್ನು ಬೇಕೆಂದೇ ಅಲ್ಲಾಡಿಸುತ್ತಾ ಹಾಕಿದೆ. ಒಂದು ಸಲವೂ ಬಲ್ಬು ಹತ್ತಲಿಲ್ಲ. ಮೂರನೆಯ ಫ್ಯೂಸು ಹಾಕಿದ ಮೇಲಷ್ಟೇ ಹತ್ತಿತು, ಹತ್ತಬೇಕಾದ ಹಾಗೆ.

ಸಾಹೇಬರು ಎದ್ದರು. "ಗಂಗಣ್ಣ, ನಾಳೆಯಿಂದ ಡ್ಯೂಟಿಗೆ ಬಾ" ಎಂದರು. ಗಂಗಣ್ಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಸಾಹೇಬರು ನಮ್ಮ ಕಡೆ ತಿರುಗಿ, "ಈ ಪೆಟ್ಟಿಗೆ ಬಿಚ್ಕೊಂಡು ಹೋಗಿ" ಎಂದರು.

"ಸಾರ್, ಈಗ ಸರಿಹೋಗಿದೆ" ಅಂದೆ. "ನೀವೇ ನೋಡಿದ್ರಲ್ಲ."

"ನೋಡ್ದೆ ಕಣಮ್ಮ. ಆದ್ರೆ ಊರೋರಿಗೆ ನಾನೇನ್ ಹೇಳ್ಲಿ? ಇವತ್ತು ಇದು, ನಾಳೆ ಇನ್ನೇನೋ. ಬೇಡ."

ಜೀಪು ಹೋಯಿತು. ಪೆಟ್ಟಿಗೆಯ ಸ್ಕ್ರೂ ಬಿಚ್ಚಲು ನನಗೆ ಗಂಗಣ್ಣನೇ ಸಹಾಯಕ್ಕೆ ಬಂದರು. ಒಂದೊಂದೇ ಸ್ಕ್ರೂ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡು ಗೊಣಗಿದರು.

"ಕೆಟ್ಟಿದ್ದಾಗ ಎರಡ್ ತಿಂಗ್ಳು ಇಟ್ಕಂಡ್ರು. ಸರಿ ಆದ್ ದಿನ ಬಿಚ್ಚು ಅಂತಾರಲ್ಲ ಮೇಡಮ್ನೋರೆ, ಇದ್ಯಾವ್ ನ್ಯಾಯ?"

"ನಿಮ್ ಕೆಲಸ ಉಳೀತಲ್ಲ ಗಂಗಣ್ಣ."

"ಉಳೀತು. ನಿಮ್ ಉಪ್ಕಾರ ಮರೆಯಕಿಲ್ಲ. ಆದ್ರೆ ಮೊಮ್ಮಗೂನ ನೋಡಕ್ ಯಾವಾಗ್ ಹೋಗ್ಲಿ ಹೇಳಿ? ನಾಳೆಯಿಂದ ಮತ್ತೆ ಇಲ್ಲೇ." ಹಾಗೆಂದು ಸ್ಕ್ರೂಗಳನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿಟ್ಟರು.

ತುಮಕೂರಿನ ಬಸ್ಸಿನಲ್ಲಿ ಶ್ರೀಪತಿ ಸಾರ್ ಮತ್ತು ನಾನು ಒಂದೇ ಸೀಟಿನಲ್ಲಿ ಕೂತೆವು. ಬೇರೆ ಜಾಗವಿರಲಿಲ್ಲ. ಪೆಟ್ಟಿಗೆ ಅವರ ತೊಡೆಯ ಮೇಲಿತ್ತು. ಗುಬ್ಬಿ ದಾಟಿತು. ಆಮೇಲೆ ಅವರು ಕಿಟಕಿ ಕಡೆ ನೋಡುತ್ತಾ ಅಂದರು. "ನೀನ್ ಹೇಳಿದ್ದು ಸರಿ ಮಂಗಳಾ. ಆದ್ರೆ ಅದನ್ನ ಅಲ್ಲಿ, ಅವರೆಲ್ಲರ ಮುಂದೆ ಹೇಳ್ಬೇಕಿತ್ತಾ?"

"ಮೊದ್ಲು ಶೆಡ್ಡಲ್ಲೇ ಹೇಳಿದ್ದೆ ಸಾರ್."

ಹತ್ತು ಊರಿನ ಆರ್ಡರು ಹೋಯಿತೆಂದು ಇಬ್ಬರಿಗೂ ಗೊತ್ತಿತ್ತು. ಅದಿಲ್ಲದೆ ಶೆಡ್ಡು ಬಹಳ ದಿನ ನಡೆಯುವುದಿಲ್ಲ ಎನ್ನುವುದೂ ಗೊತ್ತಿತ್ತು. ನಡೆಯಲೂ ಇಲ್ಲ. ದೀಪಾವಳಿಯ ಹೊತ್ತಿಗೆ ಬಾಗಿಲು ಮುಚ್ಚಿತು, ನಾನು ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳಲು ಸೇರಿದೆ.

ಆದರೆ ಅವತ್ತು ಬಸ್ಸಿನಲ್ಲಿ ಅವರು ಜೇಬಿನಿಂದ ಪೆನ್ನು ತೆಗೆದು, ಟಿಕೆಟ್ಟಿನ ಹಿಂಬದಿಯನ್ನು ನನ್ನ ಮುಂದೆ ಹಿಡಿದರು. "ಮೊದಲನೇ ಸಾಲಿಗೆ ಏನ್ ಹಾಕಿದೀಯ? ಆ ಸಾಧು ವಿಳಾಸ ಎಲ್ಲಿಟ್ಟೆ?" ಎಂದು ಕೇಳಿದರು.

ನಾನು ಬರೆದು ತೋರಿಸಿದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳೆಲ್ಲ ಸೊಟ್ಟಗಾದವು. ಅವರು ಪ್ರತಿಯೊಂದು ಸಾಲಿಗೂ ತಡೆದು ಪ್ರಶ್ನೆ ಕೇಳಿದರು, ಬಂದು ಕಾಯುತ್ತಿದ್ದ ಕರೆಗಳನ್ನು ಅಳಿಸಿದ್ದು ಯಾಕೆ, ಅಳಿಸಿದ ಮೇಲೆ ಫೇಸುಗಳನ್ನು ಖುದ್ದಾಗಿ ನೋಡುವುದು ಯಾಕೆ ಎಂದು. ಎರಡು ವಾರದ ಹಿಂದೆ ಶೆಡ್ಡಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಚೆನ್ನಾಗಿದೆ ಮಂಗಳಾ" ಎಂದರು. "ಬಹಳ ಚೆನ್ನಾಗಿ ಬರ್ದಿದೀಯ. ಇದೇ ಸರಿ."

ಅವರಿಂದ ಆ ಮಾತು ಕೇಳಬೇಕೆಂದು ಕೆಲಸಕ್ಕೆ ಸೇರಿದ ದಿನದಿಂದ ಆಸೆಪಟ್ಟಿದ್ದೆ. ಮೋಟಾರು ಸುಟ್ಟು, ಪೆಟ್ಟಿಗೆ ಬಿಚ್ಚಿದ ಮೇಲೆ ಅದು ಬಂದಾಗ ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು. ತುಮಕೂರಿನ ಅಂಚಿನ ಗುಬ್ಬಿ ಗೇಟ್ ಬಂತು. ನಾನು ಇಳಿಯಬೇಕಾದ ಬಸ್ ಸ್ಟ್ಯಾಂಡು ಇನ್ನೂ ಮುಂದಿತ್ತು. ಕಂಡಕ್ಟರಿಗೆ ಕೂಗಿ ಹೇಳಿ ಅಲ್ಲೇ ಇಳಿದೆ, ಬಿಸಿಲಿನಲ್ಲಿ ನಡೆದುಕೊಂಡು ಹೋದೆ.